ಮೂರನೇ ಮೆಟ್ಟಿಲ ಮೇಲಿನ ಕಂಬಳಿ

ನನ್ನ ಫೋನಿನಲ್ಲಿ ಒಂದು ಫೋಟೋ ಇದೆ. ಇಂಗ್ಲೆಂಡಿನ ಕಡಲ ದಂಡೆಯ ಒಂದು ಊರು, ಬಹುಮಾನ ಕೊಡುವ ಮೂರು ಮೆಟ್ಟಿಲು. ಮೂರನೆಯ ಮೆಟ್ಟಿಲ ಮೇಲೆ ಆರಡಿ ಎತ್ತರದ ಒಬ್ಬ ಮನುಷ್ಯ ಕಪ್ ಎತ್ತಿ ಹಿಡಿದು ಹಲ್ಲು ಬಿಟ್ಟುಕೊಂಡು ನಿಂತಿದ್ದಾನೆ. ಹೆಸರು ರಾಬರ್ಟ್. ಅವನ ಹೆಗಲ ಮೇಲಿರುವುದು ಕರಿ ಕಂಬಳಿ. ಹುಳಿಯಾರಿನ ಹತ್ತಿರದ ಹಟ್ಟಿಯಲ್ಲಿ ಎಂಬತ್ತು ದಾಟಿದ ಕ್ಯಾತಮ್ಮ ತನ್ನ ಕೈಯಾರೆ ಉಣ್ಣೆ ನೂತು ನೇಯಿಸಿದ ಕಂಬಳಿ ಅದು. ಆ ಮೆಟ್ಟಿಲ ಮೇಲೆ ನಿಲ್ಲಬೇಕಾಗಿದ್ದವನು ಕ್ಯಾತಮ್ಮನ ಮಗ ಚಿತ್ತಪ್ಪ. ಕಪ್ಪೂ ಹೋಯಿತು, ಕಂಬಳಿಯೂ ಹೋಯಿತು. ಫೋಟೋ ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅಳಿಸಿಬಿಡೋಣವೆಂದರೆ ಕೈ ಬರುವುದಿಲ್ಲ.

ನಾನು ಗಂಗರಾಜು, ದಬ್ಬೇಘಟ್ಟದವನು. ನಮ್ಮದು ತೆಂಗಿನ ತೋಟ. ಚಿತ್ತಪ್ಪ ನನಗೆ ಒಂಬತ್ತನೇ ವಯಸ್ಸಿನಿಂದ ಗೊತ್ತು. ಪ್ರತಿ ಬೇಸಿಗೆಯಲ್ಲೂ ಅವನಪ್ಪ ಕುರಿ ಮಂದೆ ಹೊಡೆದುಕೊಂಡು ನಮ್ಮ ಕಡೆ ಬರುತ್ತಿದ್ದರು. ಗೊಬ್ಬರಕ್ಕೆಂದು ನಮ್ಮಪ್ಪ ತೋಟದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಿದ್ದರು. ಹತ್ತು ಹದಿನೈದು ದಿನ ನನಗೂ ಚಿತ್ತಪ್ಪನಿಗೂ ಅದೇ ಮರದ ನೆರಳು, ಅದೇ ಎಳನೀರು. ತೆಂಗಿನ ಗರಿ ಅಲ್ಲಾಡುವುದಕ್ಕೆ ಮೊದಲೇ ಅವನು "ಗಾಳಿ ತಿರುಗ್ತು ಕಣ್ಲಾ" ಅನ್ನುತ್ತಿದ್ದ. ಹೇಗೆ ಗೊತ್ತಾಯಿತೆಂದು ಕೇಳಿದರೆ, ಮಲಗಿದ ಕುರಿಗಳು ಮುಖ ತಿರುಗಿಸಿದ್ದನ್ನು ತೋರಿಸುತ್ತಿದ್ದ.

ಒಂದು ಸಲ ಕೆರೆಯಲ್ಲಿ ನೀರು ಕುಡಿಸುವಾಗ ಇವರ ಮಂದೆಯೂ ಇನ್ನೊಬ್ಬರ ಮಂದೆಯೂ ಬೆರೆತುಹೋದವು. ಬೇರೆ ಮಾಡಿ ಹೊಡೆದುಕೊಂಡು ಬಂದರೆ ಒಂದು ಕುರಿ ಕಡಿಮೆ. "ಬನ್ನಿ, ಹೋಗಿ ಕೇಳೋಣ" ಎಂದು ನಾನು ಕುಣಿದೆ. ಚಿತ್ತಪ್ಪನ ಅಪ್ಪ ಬೀಡಿ ಹಚ್ಚಿಕೊಂಡು ಕೂತರು. "ಕೇಳಕ್ಕೋದ್ರೆ ಕಳ್ಳ ಅಂದಂಗಾಯ್ತದೆ ಕಣಪ್ಪ. ಹೊತ್ತು ಮುಳುಗಾಗಂಟ ಸುಮ್ಕಿರು. ಅವ್ರೇ ತತ್ತಾರೆ" ಎಂದರು. ಹೊತ್ತು ಮುಳುಗುವ ಮೊದಲೇ ಆ ಮಂದೆಯವನು ಕುರಿಯನ್ನು ಹೆಗಲ ಮೇಲೆ ಹೊತ್ತು ತಂದ. ನಮ್ಮ ತೋಟದವರ ಕಥೆಯೇ ಬೇರೆ. ಒಂದು ಕಾಯಿ ಬೇಲಿಯಾಚೆ ಬಿದ್ದರೆ ಇಡೀ ಊರಿಗೆ ಕೇಳುವಂತೆ ಜಗಳ ತೆಗೆಯುವ ಜನ ನಾವು. ಅದಕ್ಕೆ ನನಗೇನೂ ನಾಚಿಕೆಯಿಲ್ಲ.

ಹದಿನೆಂಟಕ್ಕೆ ಇಬ್ಬರೂ ಒಟ್ಟಿಗೆ ಸೈನ್ಯಕ್ಕೆ ಸೇರಿದೆವು. ಒಂದು ದಿನ ಸಾಹೇಬರು ಸಾಲು ನಿಲ್ಲಿಸಿ "ಈಜು ಬರುವವರು ಯಾರು?" ಎಂದು ಕೇಳಿದರು. ಎಮ್ಮೆ ಬಾಲ ಹಿಡಿದು ಈಜು ಕಲಿತ ಚಿತ್ತಪ್ಪ ತನ್ನ ಕೈ ಎತ್ತಿದ್ದಲ್ಲದೆ ನನ್ನ ಕೈಯನ್ನೂ ಎತ್ತಿಸಿದ. ಹಾಗೆ ನಾವು ಹಾಯಿದೋಣಿಗೆ ಬಿದ್ದದ್ದು. ಇಬ್ಬರು ನಡೆಸುವ ಸಣ್ಣ ದೋಣಿ. ಚುಕ್ಕಾಣಿ ಅವನದು, ಮುಂದಿನ ಹಾಯಿ, ಹಗ್ಗ, ಭಾರ ಹಾಕಿ ಹೊರಕ್ಕೆ ವಾಲುವ ಕೆಲಸ ನನ್ನದು. ದೋಣಿ ಪಂದ್ಯದಲ್ಲಿ ಒಂದು ವಿಶೇಷವಿದೆ. ನೀರಿನ ಮೇಲೆ ಸೀಟಿ ಊದುವ ರೆಫ್ರಿ ಇರುವುದಿಲ್ಲ. ತಪ್ಪು ಮಾಡಿದವನು ತಾನೇ ಒಪ್ಪಿಕೊಂಡು ದೋಣಿಯನ್ನು ಅಲ್ಲೇ ಸುತ್ತು ಹಾಕಿಸಿ ದಂಡ ತೆತ್ತು ಮುಂದೆ ಹೋಗಬೇಕು. ನಿಯಮದ ಪುಸ್ತಕದ ಮೊದಲಲ್ಲೇ ಹಾಗೆ ಬರೆದಿದೆ. ಅದನ್ನು ಸಾಹೇಬರು ಓದಿ ಹೇಳಿದ ದಿನ ಚಿತ್ತಪ್ಪನ ಮುಖ ನೋಡಬೇಕಿತ್ತು. "ನಮ್ಮ ಹಟ್ಟಿ ನ್ಯಾಯನೇ ಕಣ್ಲಾ ಇದು!" ಎಂದು ಕುಣಿದುಬಿಟ್ಟಿದ್ದ.

ಪೆನ್ಷನ್ ಬಂದು ಊರಿಗೆ ಬಂದ ಮೇಲೂ ಭಾನುವಾರ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ಅಲ್ಲಿನ ಕೆರೆಯಲ್ಲಿ ದೋಣಿ ನಡೆಸುವುದನ್ನು ನಾವು ಬಿಡಲಿಲ್ಲ. ತಲೆಯ ಮೇಲೆ ಸೊಪ್ಪಿನ ಹೊರೆಯೂ ಕೈಯಲ್ಲಿ ಹಾಯಿ ಕಟ್ಟುವ ಹಗ್ಗವೂ ಇದ್ದ ಚಿತ್ತಪ್ಪನನ್ನು ಹುಳಿಯಾರು ಬಸ್ ಸ್ಟ್ಯಾಂಡಿನಲ್ಲಿ ಜನ ತಮಾಷೆ ಮಾಡುತ್ತಿದ್ದರು. ಕುಡಿಯುವ ನೀರಿಗೇ ಗತಿಯಿಲ್ಲದ ಊರಿನವನು ಸಮುದ್ರದಲ್ಲಿ ಏನು ಗೆಲ್ಲುತ್ತಾನೆ ಎಂದು ಕ್ಯಾತಮ್ಮನ ಮುಂದೆಯೇ ಆಡಿಕೊಳ್ಳುತ್ತಿದ್ದರು. ಆ ಮುದುಕಿ ತನ್ನ ಪಾಡಿಗೆ ಉಣ್ಣೆ ನೂಲುತ್ತಿದ್ದಳು. ಹಳೆಯ ಸಾಹೇಬರೊಬ್ಬರು ಓಡಾಡಿ, ಐವತ್ತು ದಾಟಿದವರ ವಿಶ್ವ ಚಾಂಪಿಯನ್‌ಶಿಪ್ಪಿಗೆ ನಮ್ಮಿಬ್ಬರನ್ನು ಕಳಿಸಲು ಏರ್ಪಾಡು ಮಾಡಿದಾಗ ಮಾತ್ರ, "ಅಲ್ಲಿ ಚಳಿಯಂತೆ" ಎಂದು ಈ ಕಂಬಳಿ ತಂದು ಮಗನ ಕೈಗಿಟ್ಟಳು. "ಒಂದು ಕಪ್ಪು ತಾ. ಇವ್ರ ಬಾಯಿ ಮುಚ್ಲಿ" ಅಂದಳು. ಚಿತ್ತಪ್ಪನಿಗೆ ಐವತ್ತನಾಲ್ಕು. ಇನ್ನೊಮ್ಮೆ ಹೋಗುವ ವಯಸ್ಸಲ್ಲ ಎಂಬುದು ಅವನಿಗೂ ಗೊತ್ತಿತ್ತು.

ನಲವತ್ತೆರಡು ದೋಣಿ, ಹದಿಮೂರು ದೇಶ, ಆರು ದಿನ. ಹಗಲು ಪಂದ್ಯ, ಸಂಜೆ ಊಟ. ಒಂದೊಂದು ದೇಶದವರು ಒಂದೊಂದು ಮೇಜಿನಲ್ಲಿ ತಮ್ಮ ತಿಂಡಿ ಇಟ್ಟುಕೊಂಡು ಬಂದವರಿಗೆಲ್ಲ ಕೊಡುವುದು. ನಾವು ತಿಪಟೂರು ಕೊಬ್ಬರಿ, ಕೊಬ್ಬರಿ ಮಿಠಾಯಿ ಒಯ್ದಿದ್ದೆವು. ಚಿತ್ತಪ್ಪ ಇಡೀ ಕೊಬ್ಬರಿ ಗಿಟುಕನ್ನು ಚಾಕುವಿನಲ್ಲಿ ಸೀಳಿ, ಬೆಲ್ಲದ ಚೂರು ಸೇರಿಸಿ ಕೊಡುತ್ತಿದ್ದರೆ ಜನ ಸಾಲು ನಿಂತರು. ರಾಬರ್ಟ್ ಮೊದಲ ಸಂಜೆಯಿಂದಲೇ ನಮ್ಮ ಮೇಜಿಗೆ ಅಂಟಿಕೊಂಡ. ಮಿಠಾಯಿ ಡಬ್ಬಿಯಲ್ಲಿ ಅರ್ಧ ಅವನೇ ತಿಂದ. ಮೊಮ್ಮಕ್ಕಳ ಫೋಟೋ ತೋರಿಸಿದ, ನಮ್ಮ ಹೆಗಲ ಮೇಲೆ ಕೈ ಹಾಕಿ ಕುಣಿದ. ಒಳ್ಳೆಯ ಮನುಷ್ಯ ಎಂದೇ ನಾನೂ ತಿಳಿದಿದ್ದೆ. ಸುಳ್ಳು ಯಾಕೆ ಹೇಳಲಿ?

ಎರಡನೆಯ ದಿನ ನಮ್ಮ ದೋಣಿಯ ಅಂಚು ತಿರುವಿನ ಬುರುಡೆಗೆ, ಅಂದರೆ ನೀರಿನಲ್ಲಿ ತೇಲಿಬಿಟ್ಟ ಗುರುತಿಗೆ, ಒಂದು ಚೂರು ತಾಗಿತು. ಯಾರೂ ನೋಡಲಿಲ್ಲ. ನಾನು ಸುಮ್ಮನಿರು ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ಚಿತ್ತಪ್ಪ ದೋಣಿ ತಿರುಗಿಸಿ ಸುತ್ತು ಹಾಕಿಯೇಬಿಟ್ಟ. ನಾಲ್ಕು ಜಾಗ ಹಿಂದೆ ಬಿದ್ದೆವು. ಅವತ್ತು ಸಂಜೆ ರಾಬರ್ಟ್ ಇಡೀ ಹಾಲಿನ ಮುಂದೆ ಲೋಟ ಎತ್ತಿ, "ನಾವೆಲ್ಲ ಈ ಮನುಷ್ಯನಿಂದ ಕಲಿಯಬೇಕು" ಎಂದು ಭಾಷಣ ಮಾಡಿದ. ಚಿತ್ತಪ್ಪನ ಕಣ್ಣು ತುಂಬಿತು. ಎದ್ದು ಹೋಗಿ ಆ ಕಂಬಳಿ ತಂದು ಅವನಿಗೆ ಹೊದಿಸಿದ. ಅವರ ಹಟ್ಟಿಯಲ್ಲಿ ಕಂಬಳಿ ಕೊಟ್ಟರೆ ಅದು ನೆಂಟಸ್ತಿಕೆ. ರಾಬರ್ಟನಿಗೆ ಅದು ಚಳಿಗೆ ಸಿಕ್ಕ ಒಂದು ಶಾಲು.

ಕೊನೆಯ ದಿನ ಒಂದೇ ರೇಸ್ ಬಾಕಿ. ನಾವು ಮೂರನೆಯವರು, ರಾಬರ್ಟ್ ನಾಲ್ಕನೆಯವನು, ನಡುವೆ ಎರಡೇ ಪಾಯಿಂಟ್. ಅವನಿಗಿಂತ ಮೊದಲು ಗುರಿ ಮುಟ್ಟಿದರೆ ಮೆಟ್ಟಿಲು ನಮ್ಮದು. ಎರಡನೇ ಸುತ್ತಿನಲ್ಲಿ ನಾವು ಬಲಗಡೆಯಿಂದ ಗಾಳಿ ಹಿಡಿದು ಬರುತ್ತಿದ್ದೆವು. ಹಾಗೆ ಬರುವ ದೋಣಿಗೆ ದಾರಿ ಬಿಡಲೇಬೇಕು. ಅದು ಈ ಆಟದ ಮೊದಲ ಪಾಠ. ರಾಬರ್ಟ್ ಎಡಗಡೆಯ ಗಾಳಿಯಲ್ಲಿ ಬಂದವನು ಬಿಡಲಿಲ್ಲ. ದಡಾರನೆ ನಮ್ಮ ಪಕ್ಕೆಗೆ ಗುದ್ದಿದ. ದೋಣಿ ಗಿರಕಿ ಹೊಡೆಯಿತು, ನಾನು ಮೊಣಕಾಲು ಒಡೆದುಕೊಂಡೆ. "ಪ್ರೊಟೆಸ್ಟ್!" ಎಂದು ಗಂಟಲು ಹರಿಯುವಂತೆ ಕೂಗಿದೆ. ರಾಬರ್ಟ್ ತಿರುಗಿ ನಮ್ಮನ್ನು ನೋಡಿದ, ಕೈ ಬೀಸಿದ, ಹೋದ. ಗುದ್ದಿದ ತಪ್ಪಿಗೆ ಎರಡು ಸುತ್ತು ಹಾಕಬೇಕಾಗಿದ್ದವನು ಅರ್ಧ ಸುತ್ತೂ ಹಾಕಲಿಲ್ಲ. ನಾವು ಸುಧಾರಿಸಿಕೊಳ್ಳುವುದರೊಳಗೆ ಐದು ದೋಣಿ ದಾಟಿಹೋಗಿದ್ದವು.

ದಡಕ್ಕೆ ಬಂದ ಮೇಲೆ ತಕರಾರು ಅರ್ಜಿ ಕೊಡಲು ಒಂದೂವರೆ ಗಂಟೆ ಕಾಲಾವಕಾಶ. ನಾನು ಕುಂಟಿಕೊಂಡು ಓಡಿಹೋಗಿ ಅರ್ಜಿ ತಂದೆ, ಭರ್ತಿ ಮಾಡಿದೆ, ದೋಣಿಗಳ ಚಿತ್ರವನ್ನೂ ಬರೆದೆ. ನಮ್ಮ ದೋಣಿಯ ಯಜಮಾನ ಚಿತ್ತಪ್ಪ. ಅವನ ಸಹಿ ಒಂದೇ ಬಾಕಿ.

"ಹಾಕ್ಲಾ" ಎಂದೆ.

"ಬತ್ತಾನೆ ಇರು."

"ಯಾವನ್ಲಾ ಬರೋನು? ಅಲ್ ನೋಡು, ಬಿಯರ್ ಕುಡೀತಾ ನಿಂತವ್ನೆ!"

"ಕುಡೀಲಿ ಬುಡು. ಕುಡ್ದು ಬತ್ತಾನೆ. ನಾವು ಬರ್ದು ಕೊಟ್ರೆ ಅವನ್ನ ಕಳ್ಳ ಅಂದಂಗಾಗಕಿಲ್ವಾ? ನಮ್ಮವ್ವನ ಕಂಬ್ಳಿ ಹೊದ್ದವ್ನೆ ಕಣ್ಲಾ ಅವ್ನು. ಹೊತ್ತು ಮುಳುಗ್ಲಿ."

ಹೊತ್ತು ಮುಳುಗಲಿ! ಆ ದೇಶದಲ್ಲಿ ಬೇಸಿಗೆಯ ಹೊತ್ತು ಮುಳುಗುವುದು ಒಂಬತ್ತರ ಮೇಲೆ. ಅರ್ಜಿ ತೆಗೆದುಕೊಳ್ಳುವ ಕಿಟಕಿ ಮುಚ್ಚಿದ್ದು ಐದಕ್ಕೆ. ಬೈದೆ, ಬೇಡಿಕೊಂಡೆ, ಪೆನ್ನನ್ನು ಅವನ ಬೆರಳಿಗೆ ತುರುಕಿದೆ. ಅವನು ಬಾಗಿಲ ಕಡೆ ನೋಡುತ್ತಾ ಕೂತ. ಕಿಟಕಿ ಮುಚ್ಚಿತು. ಆರಕ್ಕೆ ಬಹುಮಾನ ಕೊಟ್ಟರು. ರಾಬರ್ಟ್ ಕಂಬಳಿ ಹೊದ್ದು, ತನ್ನ ದೋಣಿಯ ಜೊತೆಗಾರನೊಂದಿಗೆ ಮೆಟ್ಟಿಲು ಹತ್ತಿದ. ಜನ ಚಪ್ಪಾಳೆ ತಟ್ಟಿದರು. ಚಿತ್ತಪ್ಪನೂ ತಟ್ಟಿದ. ಆ ಸದ್ದು ಕೇಳಿ ನನಗೆ ಅವನನ್ನೇ ಹೊಡೆಯಬೇಕೆನಿಸಿತು.

ಊಟದ ಹೊತ್ತಿಗೆ ನನ್ನ ತಾಳ್ಮೆ ಮುಗಿದಿತ್ತು. ರಾಬರ್ಟನ ಮೇಜಿಗೆ ಹೋಗಿ ನನ್ನ ಪಟಾಲಂ ಇಂಗ್ಲಿಷಿನಲ್ಲಿ, "ನೀನು ನಮಗೆ ಗುದ್ದಿದೆಯೋ ಇಲ್ಲವೋ?" ಎಂದು ಕೇಳಿದೆ. ಅವನು ಒಂದು ಗಳಿಗೆಯೂ ತಡವರಿಸಲಿಲ್ಲ. "ಹೌದು, ಗುದ್ದಿದೆ. ನೀವು ಕೂಗಿದ್ದೂ ಕೇಳಿಸಿತು. ಅರ್ಜಿ ಬರುತ್ತದೆಂದು ಕಾಯುತ್ತಿದ್ದೆ. ಬರಲಿಲ್ಲ. ಬಿಟ್ಟುಕೊಟ್ಟಿರಿ ಅಂದುಕೊಂಡೆ. ದೊಡ್ಡ ಮನಸ್ಸು ನಿಮ್ಮದು" ಎಂದು ನನ್ನ ಬೆನ್ನು ತಟ್ಟಿದ.

ಕೇಳಿದಿರಾ? ಗೊತ್ತಿತ್ತು ಅವನಿಗೆ. ಗೊತ್ತಿದ್ದೂ ಕಪ್ ಎತ್ತಿದ. ಚಿತ್ತಪ್ಪನಿಂದ ಕಲಿಯಬೇಕೆಂದು ಇವನು ಭಾಷಣ ಮಾಡಿದ್ದು ನಾಲ್ಕೇ ದಿನದ ಹಿಂದೆ. ತಪ್ಪು ಮಾಡಿದವನೇ ಒಪ್ಪಿಕೊಳ್ಳಬೇಕು ಎಂದು ಪುಸ್ತಕದಲ್ಲಿ ಬರೆದುಕೊಂಡವರು ಅವರು. ಅದನ್ನು ಓದದೆಯೇ ಪಾಲಿಸಿದವನು ನಮ್ಮ ಚಿತ್ತಪ್ಪ. ಹಿಡಿಯುವವರು ಬರುವವರೆಗೂ ಕದ್ದದ್ದಲ್ಲ ಎನ್ನುವುದು ಯಾವ ಸೀಮೆಯ ಮರ್ಯಾದೆ?

ಊರಿಗೆ ಬಂದ ಮೇಲೆ ಕ್ಯಾತಮ್ಮನಿಗೆ ಮುಖ ತೋರಿಸುವುದೇ ಕಷ್ಟವಾಯಿತು. ಚಿತ್ತಪ್ಪ ಮೂರು ಮಾತಿನಲ್ಲಿ ಹೇಳಿ ಮುಗಿಸಲು ನೋಡಿದ. ನಾನು ಬಿಡಲಿಲ್ಲ. ಹಟ್ಟಿಯ ಮುಂದಿನ ಕಟ್ಟೆಯ ಮೇಲೆ ಕೂತು ಮೊದಲಿನಿಂದ ಎಲ್ಲ ಹೇಳಿದೆ, ಫೋಟೋವನ್ನೂ ತೋರಿಸಿದೆ. ಮುದುಕಿ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಕಂಬಳಿಯ ಅಂಚಿನ ಕೆಂಪು ನೂಲನ್ನು ಬೆರಳಿನಲ್ಲಿ ಸವರಿದಳು. ಆಮೇಲೆ ಮಗನ ಕಡೆ ತಿರುಗಿದಳು.

"ಹೊತ್ತು ಮುಳುಗ್ತಾ?"

"ಮುಳುಗ್ತವ್ವಾ."

"ತಂದ್ಕೊಟ್ನಾ?"

"ಇಲ್ಲ."

"ಆಮೇಕೆ ನೀನೇನ್ ಮಾಡ್ದೆ?"

ಮುದುಕಿಯ ದನಿ ಹಟ್ಟಿಗೆಲ್ಲ ಕೇಳುವಂತೆ ಏರಿತು.

"ಹೊತ್ತು ಮುಳುಗಾಗಂಟ ಬಾಯಿ ಬುಡಬ್ಯಾಡ ಅಂದಿದ್ದು ಕಣ್ಲಾ! ಸಾಯಾಗಂಟ ಬುಡಬ್ಯಾಡ ಅಂತ ಯಾವನ್ಲಾ ಅಂದೋನು? ಮುಳುಗಿದ್ ಮ್ಯಾಕೆ ಅವ್ರ ಮಂದೆ ತಾವ್ ಹೋಗಿ, ಎಲ್ರ ಮುಂದೆ ನಿಂತ್ಕಂಡು, ನಿನ್ ಕುರೀನ ಕೂಗ್ಬೇಕು. ನಿಂದಾದ್ರೆ ಎದ್ ಬತ್ತದೆ. ನಿಮ್ಮಪ್ಪ ಎಷ್ಟ್ ಮಂದೆ ಮುಂದೆ ನಿಂತು ಕೂಗವ್ನೆ ಗೊತ್ತೇನ್ಲಾ ನಿಂಗೆ? ಹದಿನೆಂಟಕ್ಕೆ ಪಟಾಲಂಗೆ ಓಡೋದೆ. ಅರ್ಧ ಕಲ್ತೆ, ಅರ್ಧ ಬುಟ್ಟೆ!"

ನಲವತ್ತೈದು ವರ್ಷದಲ್ಲಿ ಚಿತ್ತಪ್ಪನ ಮುಖ ಹಾಗೆ ಕೆಂಪಾದದ್ದನ್ನು ನಾನು ನೋಡಿರಲಿಲ್ಲ. ದೊಡ್ಡತನವೆಂದು ಅವನು ಹೊತ್ತುಕೊಂಡು ಬಂದದ್ದು ಬರೀ ಅರ್ಧ ಕಲಿತ ಪಾಠವಾಗಿತ್ತು. ಆ ಸಂಜೆ ಚಪ್ಪಾಳೆ ತಟ್ಟಿದ ಎರಡು ಕೈಗಳನ್ನೂ ಅವನು ಒಮ್ಮೆ ನೋಡಿಕೊಂಡ. ಆಮೇಲೆ ಫೋನ್ ತೆಗೆದ. ಪಂದ್ಯಕ್ಕೆ ಬಂದಿದ್ದವರೆಲ್ಲ ಸೇರಿದ್ದ ವಾಟ್ಸಾಪ್ ಗುಂಪಿನಲ್ಲಿ, ನನ್ನನ್ನು ಒಂದು ಅಕ್ಷರವೂ ಕೇಳದೆ, ಒಂದೊಂದೇ ಬೆರಳಿನಲ್ಲಿ ತನ್ನ ಇಂಗ್ಲಿಷಿನಲ್ಲಿ ಬರೆದ: "ರಾಬರ್ಟ್, ಕೊನೆಯ ರೇಸಿನಲ್ಲಿ ನೀನು ನನಗೆ ಗುದ್ದಿದೆ. ಸುತ್ತು ಹಾಕಲಿಲ್ಲ. ಮೂರನೆಯ ಜಾಗ ನನ್ನದು. ಎಲ್ಲರ ಮುಂದೆ ಹೇಳು. ಚಿತ್ತಪ್ಪ." ಬರೆದದ್ದನ್ನು ಒಮ್ಮೆ ಓದಿಕೊಂಡು ಕಳಿಸಿದ.

ಇದಾಗಿ ಹನ್ನೊಂದು ದಿನವಾಯಿತು. ಗುಂಪಿನಲ್ಲಿ ಎಲ್ಲರೂ ಓದಿದ್ದಾರೆ. ಒಬ್ಬರೂ ಉಸಿರೆತ್ತಿಲ್ಲ. ರಾಬರ್ಟನ ಹೆಸರಿನ ಪಕ್ಕದಲ್ಲಿ ಕಂಬಳಿ ಹೊದ್ದ ಫೋಟೋ ಇತ್ತು. ಮರುದಿನವೇ ಅದನ್ನು ತೆಗೆದು ನಾಯಿಯ ಫೋಟೋ ಹಾಕಿಕೊಂಡಿದ್ದಾನೆ. ಸಹಿಯಿಲ್ಲದ ಆ ಅರ್ಜಿ ನನ್ನ ಪೆಟ್ಟಿಗೆಯಲ್ಲಿ ಹಾಗೇ ಇದೆ.

ನಿನ್ನೆ ಹಟ್ಟಿಗೆ ಹೋಗಿದ್ದೆ. ಕುರಿಗಳನ್ನು ಹೊರಕ್ಕೆ ಬಿಡುವ ಹೊತ್ತು. ಕ್ಯಾತಮ್ಮ ಕುರಿದೊಡ್ಡಿಯ ಬಾಗಿಲ ಗೂಟ ಹಿಡಿದು ನಿಂತಿದ್ದಳು. ನನ್ನನ್ನು ನೋಡಿದ್ದೇ ಕೇಳಿದಳು.

"ಬಂತೇನ್ ಗಂಗಣ್ಣ?"

"ಬಂದಿಲ್ಲವ್ವಾ."

"ಇನ್ನೊಂದ್ಸಲ ಕೂಗಿ" ಎಂದಳು.

ಅದಕ್ಕೇ ಇದನ್ನು ಬರೆದೆ.