ಕಲಗಚ್ಚಿನ ಬಾನಿಯ ಭಾಗ್ಯ

ಕಂಪ್ಲಿಯಲ್ಲಿ ನಮ್ಮ ಅಕ್ಕನ ಮನೆಯ ಹಿತ್ತಲಲ್ಲಿ ಒಂದು ಕಲ್ಲಿನ ಬಾನಿ ಇದೆ. ಅಕ್ಕಿ ತೊಳೆದ ನೀರು, ಅನ್ನ ಬಸಿದ ಗಂಜಿ, ಗಿರಣಿಯಿಂದ ತಂದ ತವುಡು ಎಲ್ಲವೂ ಹೋಗಿ ಸೇರುವುದು ಅದಕ್ಕೇ, ಆ ಕಲಗಚ್ಚನ್ನು ಕುಡಿಯುವುದು ಎಮ್ಮೆ. ಆ ಮನೆಯಲ್ಲಿ ಅತ್ಯುತ್ತಮ ಊಟ ಯಾರದು ಎಂದು ನೀವು ಕೇಳಿದರೆ, ಹೊಸಪೇಟೆಯ ಶಾಲೆಯಲ್ಲಿ ಶರೀರಶಾಸ್ತ್ರ ಹೇಳಿ ಹೊಟ್ಟೆ ಹೊರೆಯುವ ನಾನು ಎಮ್ಮೆಯತ್ತಲೇ ಬೊಟ್ಟು ಮಾಡಬೇಕಾಗುತ್ತದೆ.

ಊರಿಗೆ ಅಕ್ಕಿ ಗಿರಣಿ ಬಂದದ್ದೇ ತಡ, ನಮ್ಮ ಭಾವನವರಿಗೆ, ಎಂದರೆ ಅಕ್ಕನ ಗಂಡನಿಗೆ, ಸಾಕ್ಷಾತ್ ನಾಗರಿಕತೆಯೇ ಮನೆಗೆ ಬಂದಂತಾಯಿತು. ಒರಳು ಮೂಲೆ ಸೇರಿತು. ಅಕ್ಕಿ ಮಲ್ಲಿಗೆಯಷ್ಟು ಬೆಳ್ಳಗಿರಬೇಕು, ಅದನ್ನೂ ನೀರು ತಿಳಿಯಾಗುವ ತನಕ ತೊಳೆಯಬೇಕು, ಬೆಂದ ಮೇಲೆ ಗಂಜಿ ಬಸಿಯಬೇಕು. ಹೀಗೆ ಅನ್ನದಲ್ಲಿ ಅನ್ನವೆಂಬ ಹೆಸರೊಂದನ್ನು ಬಿಟ್ಟು ಬೇರೇನೂ ಉಳಿಯದಂತೆ ನೋಡಿಕೊಳ್ಳುವುದೇ ಮನೆತನದ ಮರ್ಯಾದೆಯಾಯಿತು. ಕೆಂಪಕ್ಕಿ ಎಲೆಗೆ ಬಿದ್ದರೆ ಬಂದವರು ಏನೆಂದುಕೊಂಡಾರು!

ಅಕ್ಕ ಹೆತ್ತಳು. ಬಾಣಂತಿಗೆ ಬೇಳೆ ವಾಯು, ಸೊಪ್ಪು ಶೀತ, ಕಾಯಿಪಲ್ಯ ನಂಜು ಎಂದು ಎಲ್ಲವನ್ನೂ ದೂರವಿಟ್ಟು, ಅದೇ ಮಲ್ಲಿಗೆ ಅನ್ನವನ್ನು ತುಪ್ಪ, ಮೆಣಸಿನ ಸಾರಿನೊಂದಿಗೆ ಉಣಿಸಿದರು. ಕೂಸು ಬೋರಲು ಬೀಳುವ ಹೊತ್ತಿಗೆ ಅವಳ ಕಾಲು ಜೋಮು ಹಿಡಿದು, ಗೋಡೆ ಹಿಡಿಯದೆ ಏಳಲಾರದಾದಳು. ನೋಡಲು ಹೋದ ನನಗೆ, “ತಮ್ಮಾ, ಕೂಸಿನ್ನ ಎತ್ತಿಕೊಂಡು ನಿಂದ್ರಾಕ ಹೆದರಿಕಿ ಆಗತೈತಿ” ಎಂದಳು. ಎಲ್ಲದಕ್ಕೂ ಕೊಂಕು ನುಡಿಯುವ ನನಗೂ ಹೆದರಿಕೆಯಾಗಿತ್ತು.

ಮಿತ್ರರೇ, ನಮ್ಮ ಮೈಯ ಒಂದೊಂದು ಜೀವಕೋಶವನ್ನೂ ಒಂದು ಅಡುಗೆಮನೆ ಎಂದಿಟ್ಟುಕೊಳ್ಳಿ. ಅನ್ನದ ಪಿಷ್ಟವೆಂದರೆ ಸಕ್ಕರೆಯ ಕಣಗಳು ಸರಪಳಿಯಾಗಿ ಹೆಣೆದುಕೊಂಡ ಸೌದೆಯ ಹೊರೆ. ತುಪ್ಪದ ಬಂಧುವಾದ ಕೊಬ್ಬು ಆ ಮನೆಯ ಸುತ್ತ ತೆಳ್ಳನೆಯ ಗೋಡೆಯಾಗಿ ನಿಲ್ಲುತ್ತದೆ. ಅಮೈನೋ ಆಮ್ಲಗಳ ಮಾಲೆಯಾದ ಪ್ರೋಟೀನು ಕಂಬವೂ ಹೌದು, ಕಿಣ್ವದ ವೇಷ ತೊಟ್ಟು ಒಲೆಯ ಮುಂದೆ ದುಡಿಯುವ ಅಡುಗೆಯವಳೂ ಹೌದು. ನಡುಮನೆಯ ಕೋಶಕೇಂದ್ರದಲ್ಲಿ ನ್ಯೂಕ್ಲಿಕ್ ಎಂಬ ಇನ್ನೊಂದು ಆಮ್ಲ ಕುಳಿತಿದೆ. ಅದರ ಕೆಲಸವೇನೆಂದು ಈ ೧೯೩೮ನೇ ಇಸವಿಯಲ್ಲಿ ಪಂಡಿತರಿಗೇ ಇನ್ನೂ ಖಚಿತವಿಲ್ಲ, ಬಹುಶಃ ನಮ್ಮ ಭಾವನವರಂತೆ ಯಜಮಾನಿಕೆ ಮಾಡುತ್ತಿರಬಹುದು. ಆದರೆ ಸೌದೆ ಎಷ್ಟು ಒಟ್ಟಿದರೂ ಅಡುಗೆಯವಳ ಕೈಗೆ ಕಡ್ಡಿಪೆಟ್ಟಿಗೆ ಬೇಕಲ್ಲ! ಅದೇ ಬಿ ಜೀವಸತ್ವ. ಇರುವುದು ತವುಡಿನಲ್ಲಿ, ಕರಗುವುದು ನೀರಿನಲ್ಲಿ. ಗಿರಣಿಯಿಂದ ತಪ್ಪಿಸಿಕೊಂಡು ಬಂದ ಚೂರುಪಾರನ್ನೂ ಆ ಮನೆಯವರು ತೊಳೆದು, ಬಸಿದು, ಭಕ್ತಿಯಿಂದ ಬಾನಿಗೆ ಅರ್ಪಿಸುತ್ತಿದ್ದರು.

ಅಕ್ಕನನ್ನು ಗಾಡಿಯಲ್ಲಿ ಹೊಸಪೇಟೆಗೆ ಕರೆತಂದೆವು. ಡಾಕ್ಟರು ನೋಡಿ, ಈ ಜೋಮು ಬಿ ಜೀವಸತ್ವದ ಕೊರತೆಯದು, ಹೀಗೇ ಬಿಟ್ಟರೆ ಗುಂಡಿಗೆಗೂ ಏರುತ್ತದೆ, ದಿನಾ ತವುಡಿನ ಕಷಾಯ ಕುಡಿಸಿ ಎಂದರು. ಭಾವ ಸಿಡಿದೆದ್ದರು. “ಎಮ್ಮಿ ಕುಡಿಯೂ ಮುಸುರಿ ನನ್ನ ಹೇಣ್ತಿಗೆ ಕುಡಸೂದೇನ್ರಿ? ನಾಕು ಮಂದಿ ಏನಂದಾರು? ಅದೆಲ್ಲಾ ಬ್ಯಾಡ, ಇಂಗ್ಲಿಷ್ ಔಷಧ ಕೊಡ್ರಿ!”

ಡಾಕ್ಟರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಮರುದಿನ ಅದೇ ತವುಡಿನ ಕಷಾಯ, ಚೂರು ಏಲಕ್ಕಿಯ ಪರಿಮಳ ಹೊತ್ತು, ಗುಟುಕಿನ ಗುರುತಿಗೆ ಕಾಗದದ ಪಟ್ಟಿ ಅಂಟಿಸಿದ ಸೀಸೆಯಲ್ಲಿ ಕುಳಿತು, ಹಂಪಿಯ ಬಂಡೆಗಳ ನಡುವೆ ಗಾಡಿಯಲ್ಲಿ ತೂಗುತ್ತ ಕಂಪ್ಲಿಗೆ ಬಂತು. ಭಾವ ಸೀಸೆಯನ್ನು ಬೆಳಕಿಗೆ ಹಿಡಿದು, “ಭಾಳ ಜೋರು ಔಷಧ ಕಾಣತೈತಿ” ಎಂದು ತಲೆದೂಗಿದರು. ಹೊತ್ತುಹೊತ್ತಿಗೆ ತಾವೇ ಕುಡಿಸಿದರು, ಅದರಲ್ಲಿ ಲೋಪ ಮಾಡಲಿಲ್ಲ. ಹೆಂಡತಿಯ ಮೇಲಿನ ಪ್ರೀತಿಗೆ ಅವರಲ್ಲಿ ಕೊರತೆಯಿರಲಿಲ್ಲ, ಸುಳ್ಳೇಕೆ ಹೇಳಲಿ. ಅಕ್ಕನಿಗೆ ಮಾತ್ರ ಮೊದಲ ಗುಟುಕಿಗೇ ಗುಟ್ಟು ತಿಳಿದಿತ್ತು, ದಿನಾ ಬಾನಿಗೆ ಸುರಿದವಳಲ್ಲವೇ. ಅವಳು ತುಟಿ ಪಿಟ್ಟೆನ್ನಲಿಲ್ಲ. ಎದ್ದು ಓಡಾಡುವಂತಾದ ಮೇಲೆ ಅಕ್ಕಿಯನ್ನು ಒಂದೇ ನೀರಿನಲ್ಲಿ ತೊಳೆದಳು, ಗಂಜಿ ಬಸಿಯುವುದನ್ನು ಬಿಟ್ಟಳು, ತವುಡಿನಲ್ಲಿ ಒಂದು ಪಾಲನ್ನು ಸದ್ದಿಲ್ಲದೆ ರೊಟ್ಟಿಯ ಹಿಟ್ಟಿಗೆ ಬೆರೆಸಿದಳು.

ಮೊನ್ನೆ ಹೋದಾಗ ಬಾನಿ ಅರ್ಧ ಬರಿದಾಗಿತ್ತು. ಭಾವ ನನ್ನನ್ನು ಅದರ ಬಳಿಗೇ ಕರೆದೊಯ್ದು ದನಿ ತಗ್ಗಿಸಿದರು. “ಯಾಕೋ ಎಮ್ಮಿ ಹಾಲು ಕಡಿಮಿ ಮಾಡೇತಪಾ. ನಿಮ್ಮಕ್ಕಗ ತಂದಿದ್ದಿಯಲ್ಲ ಇಂಗ್ಲಿಷ್ ಔಷಧ, ಅದನ್ನ ಒಂದು ಸೀಸೆ ಇದಕ್ಕೂ ಜಲ್ದಿ ತಂದುಕೊಡು.”

ನಾನು ಮನೆಯತ್ತ ತಿರುಗಿದೆ. ಹಿತ್ತಿಲ ಬಾಗಿಲಲ್ಲಿ ಅಕ್ಕ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ನಗು ತಡೆಯಲು ಬಾಯಿಗೊತ್ತಿದ ಸೆರಗು. ಗೋಡೆ ಹಿಡಿಯಲು ಅವಳಿಗೆ ಕೈಯೇ ಉಳಿದಿರಲಿಲ್ಲ.