ಟೇಪು ಕಂಡರಾಗದ ಗಂಗುಲಪ್ಪ

ಶಿಡ್ಲಘಟ್ಟದ ಆಟೋ ಎಲೆಕ್ಟ್ರಿಷಿಯನ್ ಗಂಗುಲಪ್ಪನ ಎದುರು ಹಳೇ ಸ್ಪೋರ್ಟ್ಸ್ ಕಾರಿನ ಬಾನೆಟ್ ಎತ್ತಿದರೆ ಮೊದಲು ಬೈಗುಳ, ಆಮೇಲೆ ರಿಪೇರಿ. ಸುಟ್ಟ ವೈರಿಗೆ ಯಾರೋ ಕರೀ ಟೇಪು ಸುತ್ತಿದ್ದು ಕಂಡರಂತೂ ಮುಗೀತು: "ಎವುಡ್ರಾ ಈ ಕೆಲಸ ಮಾಡಿದ್ದು? ಹುಣ್ಣಿಗೆ ಸೀರೆ ಉಡಿಸವ್ನೆ!" ಕಾರಿನ ಧಣಿ "ನಂದಿಬೆಟ್ಟ ಹತ್ತಿದ್ರೆ ಸಾಕು, ಬೇಗ ಮಾಡಪ್ಪ" ಅಂದರೆ, ಕೀ ಕಿತ್ತು ತನ್ನ ಜೇಬಿಗೆ ಹಾಕಿಕೊಂಡು, "ಬೇಗ ಬೇಕಂದ್ರೆ ಬಸ್ಸಲ್ಲಿ ಹೋಗು" ಅನ್ನುತ್ತಾನೆ. ಹೊಸ ವೈರು ಬೆಸೆದು, ಮೇಣ ತಿಕ್ಕಿದ ನಮ್ಮೂರ ರೇಷ್ಮೆ ದಾರದಿಂದ ಬಿಗಿದು ಕಟ್ಟುವವರೆಗೂ ಬಾಯಿ ನಿಲ್ಲುವುದಿಲ್ಲ. ಅಂಗಡಿಯ ಗೋಡೆಯಲ್ಲಿ, ಹಾರ ಹಾಕಿದ ತಮ್ಮನ ಫೋಟೋದ ಕೆಳಗೆ, ಮೊಳೆಗೆ ಒಂದು ಸುಟ್ಟ ವೈರು ನೇತುಹಾಕಿದ್ದಾನೆ. ಅದರ ಮೇಲೂ ಅರ್ಧ ಕರಗಿದ ಕರೀ ಟೇಪು. "ಇದನ್ನ ಸುತ್ತಿದವನು ಯಾವನು?" ಎಂದು ಒಮ್ಮೆ ಕೇಳಿದೆ. "ನಾನೇ," ಅಂದ, ತಮ್ಮನ ಫೋಟೋ ನೋಡುತ್ತಾ. "ಅವನಿಗೂ ಬೇಗ ಬೇಕಿತ್ತು ಕಣಪ್ಪ."