ಡೊಲೀನಾಳ ಬಕೆಟ್ಟು, ಊರಿನ ಓಟು

ಬೆಳಗಿನ ಐದೂಮುಕ್ಕಾಲು. ಹೊರಗೆ ಪಡುವಣ ಗಾಳಿ, ಅಡ್ಡಮಳೆ. ಡ್ರಮ್‌ಫರ್ನಾಕ್ ಊರಿನ ಸಭಾಭವನದ ಬೀಗ ತೆಗೆದ ಡೊಲೀನಾ ಮ್ಯಾಥಿಸನ್ ದೀಪ ಹಾಕುವುದಿಲ್ಲ. ಬಾಗಿಲಲ್ಲೇ ನಿಂತು ಕಿವಿಗೊಡುತ್ತಾಳೆ. ಯಾವ ಬಕೆಟ್ಟು ತುಂಬಿದೆ, ಯಾವುದು ಅರ್ಧ ಎಂದು ಹನಿ ಬೀಳುವ ಸದ್ದೇ ಅವಳಿಗೆ ಹೇಳುತ್ತದೆ.

"ಪಿಯಾನೊ ಹತ್ರದ್ದು ತುಂಬೋಯ್ತು. ಅದನ್ನ ಮೊದ್ಲು ಎತ್ಬೇಕು. ನೀವು ಅಲ್ಲೇ ನಿಂತ್ಕೊಳಿ, ಬೂಟು ಒರೆಸ್ದೆ ಒಳಗೆ ಕಾಲಿಡ್ಬೇಡಿ." ಕೊನೆಯ ಮಾತು, ಅವಳ ಕೆಲಸ ನೋಡಲು ಬಂದ ನನಗೆ.

ಚಾವಣಿ ಏಳು ಕಡೆ ಸೋರುತ್ತದೆ. ನೆಲದ ಮೇಲೆ ಹದಿನಾಲ್ಕು ಹೊಸ ಬಕೆಟ್ಟುಗಳಿವೆ. ಲೆಕ್ಕ ತಪ್ಪಿಲ್ಲ, ಆ ಕಥೆ ಆಮೇಲೆ ಬರುತ್ತದೆ. ಹೋದ ತಿಂಗಳವರೆಗೆ ಇಲ್ಲಿದ್ದದ್ದು ನಾಲ್ಕು ಹಳೇ ಬಕೆಟ್ಟು, ಒಂದು ಬಣ್ಣದ ಡಬ್ಬ, ಒಂದು ಮೀನಿನ ಕ್ರೇಟು, ಮತ್ತೊಂದು ಮಗು ಮೀಯಿಸುವ ತೊಟ್ಟಿ. ಈಗಿನ ಊರ ಸಮಿತಿಯ ಇಬ್ಬರು ಸದಸ್ಯರನ್ನು ಅವರಮ್ಮಂದಿರು ಮೀಯಿಸಿದ್ದು ಅದೇ ತೊಟ್ಟಿಯಲ್ಲಿ. ಅದನ್ನು ನೆನಪಿಸಿದರೆ ಇಬ್ಬರಿಗೂ ಸಿಟ್ಟು ಬರುತ್ತದೆ.

ಡೊಲೀನಾಗೆ ಈಗ ಅರವತ್ತೇಳು. ಮೊದಲು ದ್ವೀಪಗಳಿಗೆ ಹೋಗುವ ಹಡಗಿನ ಅಡುಗೆಮನೆಯಲ್ಲಿದ್ದಳು. ಸೊಂಟ ಹಿಡಿದುಕೊಂಡ ಮೇಲೆ ದಡ ಸೇರಿದಳು. ಸಭಾಭವನ ನೋಡಿಕೊಳ್ಳುವ ಕೆಲಸ ಖಾಲಿ ಇತ್ತು. "ಒಂದು ಚಳಿಗಾಲಕ್ಕೆ ಅಂತ ಒಪ್ಕೊಂಡೆ. ಹತ್ತೊಂಬತ್ತು ವರ್ಷ ಆಯ್ತು, ಆ ಚಳಿಗಾಲ ಇನ್ನೂ ಮುಗ್ದಿಲ್ಲ," ಎನ್ನುತ್ತಾಳೆ. ಸಂಬಳ ವಾರಕ್ಕೆ ಹತ್ತು ಗಂಟೆಯದ್ದು, ಕೆಲಸ ಮೂವತ್ತು ಗಂಟೆಯದ್ದು. ಮಂಗಳವಾರ ನರ್ಸು ಬರುತ್ತಾಳೆ, ಗುರುವಾರ ಮುದುಕರಿಗೆಲ್ಲ ಸೂಪು, ಯಾರಾದರೂ ಸತ್ತರೆ ಮಣ್ಣು ಮಾಡಿ ಬಂದವರಿಗೆ ಟೀ. ಎಂಬತ್ತು ಕುರ್ಚಿ ಹಾಕುವವಳೂ ಅವಳೇ, ತೆಗೆದಿಡುವವಳೂ ಅವಳೇ. ಗಾಳಿ ಜೋರಿದ್ದ ದಿನ ಮೂವತ್ತರಿಂದ ನಲವತ್ತು ಬಕೆಟ್ಟು ನೀರು ಹೊರಗೆ ಚೆಲ್ಲುತ್ತಾಳೆ. ಬೆರಳ ಗೆಣ್ಣುಗಳು ಬಿರಿದಿವೆ. ಒಬ್ಬರೂ ವಿಚಾರಿಸಿದ್ದಿಲ್ಲ. ಸುಳ್ಳು ಯಾಕೆ, ನಾನೂ ವಿಚಾರಿಸಿರಲಿಲ್ಲ.

ಅವಳ ಇನ್ನೊಂದು ಕೆಲಸ ಯಾವ ಕಾಗದದಲ್ಲೂ ಇಲ್ಲ. ಊರ ಹಿಂದಿನ ಗುಡ್ಡದ ಮೇಲೆ ವಿದ್ಯುತ್ ಕಂಪನಿಯೊಂದರ ಒಂಬತ್ತು ಗಾಳಿಯಂತ್ರ ತಿರುಗುತ್ತವೆ. ಅದಕ್ಕಾಗಿ ಕಂಪನಿ ವರ್ಷಕ್ಕೆ ತೊಂಬತ್ತು ಸಾವಿರ ಪೌಂಡು ಊರಿಗೆ ಕೊಡುತ್ತದೆ. ಏನು ಮಾಡಬೇಕೆಂದು ಊರಿನವರೇ ತೀರ್ಮಾನಿಸಬೇಕು. ಇಲ್ಲೇ ಇರುವುದು ತೊಡಕು. ಈ ಊರಿನಲ್ಲಿ ಓಟಿರುವ ಎಪ್ಪತ್ತನಾಲ್ಕು ಜನಕ್ಕೆ ಎಲ್ಲ ಬರುತ್ತದೆ, ಎದುರಿಗಿದ್ದವರಿಗೆ 'ಬೇಡ' ಎನ್ನಲು ಮಾತ್ರ ಬರುವುದಿಲ್ಲ.

ಮೊದಲ ವರ್ಷ ಸಭೆಯಲ್ಲಿ ಕೈ ಎತ್ತಿಸಿದರು. ಒಬ್ಬ ಎದ್ದು, ತೀರಿಹೋದ ನಮ್ಮಮ್ಮನ ಹೆಸರಲ್ಲಿ ಕಡಲ ಕಡೆಗೊಂದು ಬೆಂಚು ಬೇಕೆಂದ. ಎಲ್ಲರೂ ಕೈ ಎತ್ತಿದರು. ಇನ್ನೊಬ್ಬಳು ತನ್ನಮ್ಮನ ಹೆಸರು ಹೇಳಿದಳು. ಮತ್ತೆ ಎಲ್ಲರ ಕೈ ಮೇಲೆ. ಯಾರ ಅಮ್ಮನಿಗೆ ಬೇಡ ಎನ್ನುವುದು? ಹನ್ನೊಂದು ಬೆಂಚು ಬಂದವು. ಮಿಕ್ಕಿದ್ದೆಲ್ಲ ಆ ಬೆಂಚುಗಳಿಗೆ ಹೋಗುವ ದಾರಿಗೆ ಸುರಿದರು. ಆ ಗಾಳಿಗೆ ಅಲ್ಲಿ ಕುರಿಯೂ ಕೂರುವುದಿಲ್ಲ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ಜಾಗವಿಲ್ಲ ಅಂತಾರಲ್ಲ, ಹಾಗೆ.

ಮಾರನೇ ವರ್ಷದಿಂದ ಡೊಲೀನಾ ಬಿಸ್ಕತ್ತಿನ ಡಬ್ಬಿಯೊಂದರ ಮುಚ್ಚಳದಲ್ಲಿ ಸೀಳು ಕೊಯ್ದು, ಮನೆಮನೆಗೆ ಹೊತ್ತು ಓಟು ಹಾಕಿಸಿಕೊಂಡು ಬರುತ್ತಿದ್ದಾಳೆ. ಆರು ವರ್ಷ ಅದು ಚೆನ್ನಾಗಿಯೇ ನಡೆಯಿತು.

ಈ ವರ್ಷ ಉಳಿದದ್ದು ಎರಡೇ ಬೇಡಿಕೆ, ದುಡ್ಡು ಒಂದಕ್ಕೇ ಸಾಲುವಷ್ಟು. ಒಂದು, ಸಭಾಭವನದ ಚಾವಣಿ. ಇನ್ನೊಂದು, ಖಾಲಿ ಬಿದ್ದ ಹಳೇ ಮೇಷ್ಟರ ಮನೆಯನ್ನು ರಿಪೇರಿ ಮಾಡಿ ಮಾರ್ಸೇಲಿಯ ಸಂಸಾರಕ್ಕೆ ಬಾಡಿಗೆಗೆ ಕೊಡುವುದು. ಮಾರ್ಸೇಲಿ ಮೀನು ಸಾಕುವ ಕೇಂದ್ರದಲ್ಲಿ ಕೆಲಸಕ್ಕಿದ್ದಾಳೆ. ಗಂಡ, ಇಬ್ಬರು ಮಕ್ಕಳ ಜೊತೆ ವಾಸ ಚಕ್ರದ ಮೇಲಿನ ಮನೆಯಂಥ ಒಂದು ಬಾಡಿಗೆ ಕ್ಯಾರವಾನಿನಲ್ಲಿ. ಈಸ್ಟರಿಗೆ ಪ್ರವಾಸಿಗರು ಬರುತ್ತಾರೆ, ಬಿಟ್ಟುಕೊಡಿ ಎಂದು ಅದರ ಮಾಲೀಕ ಹೇಳಿಯಾಗಿದೆ. ಊರಲ್ಲಿ ಬೇರೆ ಮನೆಯಿಲ್ಲ. ಅವರು ಹೋದರೆ ಶಾಲೆಯ ಐದು ಮಕ್ಕಳಲ್ಲಿ ಇಬ್ಬರು ಹೋದಂತೆ. ಐದಕ್ಕಿಂತ ಕಡಿಮೆಯಾದರೆ ಶಾಲೆಗೆ ಬೀಗ.

ಡೊಲೀನಾ ಡಬ್ಬಿ ಹೊತ್ತು ಹೊರಟಳು. ಮೊದಲ ಮನೆ ಎಂಬತ್ತನಾಲ್ಕರ ಪೆಗ್ಗಿ ಬೀಟನ್‌ಳದು.

"ಬಾರೇ ಒಳಗೆ, ಟೀ ಬಿಸಿ ಇದೆ. ನೋಡು, ಚಾವಣಿಗೇ ಹಾಕ್ದೆ."

"ನನಗ್ಯಾಕೆ ತೋರಿಸ್ತೀಯಾ, ಮಡಚಿ ಹಾಕು."

"ನಿನ್ ಮುಖ ಎದುರಿಗೆ ಇಟ್ಕೊಂಡು ಇನ್ನೇನಕ್ಕೆ ಹಾಕ್ಲೇ? ಬಕೆಟ್ಟು ಎತ್ತಿ ಎತ್ತಿ ನಿನ್ ಸೊಂಟ ನೋಡು, ಕುಡುಗೋಲು ಆಗೋಗಿದೆ."

ಮುಂದಿನ ಮನೆಯಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ಒಂಬತ್ತನೆಯದು ಮಾರ್ಸೇಲಿಯ ಕ್ಯಾರವಾನು. ಅವಳು ಕಾಗದವನ್ನು ಡಬ್ಬಿಗೆ ಹಾಕಿ ತಲೆ ತಗ್ಗಿಸಿದಳು.

"ಚಾವಣಿಗೇ ಹಾಕಿದ್ದೀನಿ, ಡೊಲೀನಾ ಅವ್ರೇ. ಹತ್ತೊಂಬತ್ತು ವರ್ಷ ನೀರು ಹೊತ್ತಿದ್ದೀರ. ನಾವು ಮೊನ್ನೆ ಬಂದೋರು."

"ತಲೆ ಕೆಟ್ಟಿದ್ಯಾ ನಿಂಗೆ? ಈಸ್ಟರ್ ಆದ್ಮೇಲೆ ಮಕ್ಕಳನ್ನ ಎಲ್ಲಿ ಮಲಗಿಸ್ತೀಯಾ?"

ಮಾರ್ಸೇಲಿ ಬಿಸ್ಕತ್ತಿನ ತಟ್ಟೆ ಮುಂದಿಟ್ಟಳು.

ಡೊಲೀನಾ ಅದನ್ನೀಗ ನೆನೆಸಿಕೊಂಡು ತಲೆ ಕೊಡವುತ್ತಾಳೆ. "ಆಗ ಗೊತ್ತಾಯ್ತು ನೋಡಿ. ಇದೂ ಬೆಂಚಿನ ಕಥೆನೇ. ಈ ಸಲ ಅಮ್ಮನ ಜಾಗದಲ್ಲಿ ನಾನಿದ್ದೆ, ಅಷ್ಟೇ."

ಅಲ್ಲಿಂದ ನೇರ ಸಮಿತಿಯ ಅಧ್ಯಕ್ಷ ಫಾರ್ಕರನ ಅಡುಗೆಮನೆಗೆ ಹೋದಳು. ಡಬ್ಬಿಯಲ್ಲಿದ್ದದ್ದನ್ನೆಲ್ಲ ಅವನ ಒಲೆಗೆ ಸುರಿದಳು.

"ಏ ಹುಚ್ಚಿ! ಓಟು ಸುಡ್ತಾರೇನೇ?"

"ಓಟಲ್ಲ ಕಣೋ ಅವು. ನನಗೆ ಕೊಟ್ಟ ಹುಟ್ಟುಹಬ್ಬದ ಕಾರ್ಡು."

"ಮತ್ತೆ ಸಭೆಯಲ್ಲಿ ಕೈ ಎತ್ತಿಸೋಣ್ವಾ?"

"ಎತ್ತಿಸು. ಹನ್ನೆರಡನೇ ಬೆಂಚಿಗೆ ನಿನ್ ಹೆಸರೇ ಇಡೋಣ."

ದಾರಿಯ ತಿರುವಿನಲ್ಲಿ ಒಂದು ಮರದ ಪೆಟ್ಟಿಗೆ ಇದೆ. ಅದರಲ್ಲಿ ಪೆಗ್ಗಿಯ ಕೋಳಿಗಳ ಮೊಟ್ಟೆ, ಪಕ್ಕದಲ್ಲೊಂದು ಕಾಸಿನ ಡಬ್ಬ. ಬೇಕಾದವರು ಮೊಟ್ಟೆ ತೆಗೆದುಕೊಂಡು ಕಾಸು ಹಾಕಿ ಹೋಗುತ್ತಾರೆ. ಕಾಯುವವರಿಲ್ಲ, ಬೀಗವಿಲ್ಲ. ಮೂವತ್ತು ವರ್ಷದಲ್ಲಿ ಒಂದು ಪೆನ್ನಿ ಕಡಿಮೆ ಬಿದ್ದಿಲ್ಲ. ಈ ಊರಿನ ಜನವೇ ಹಾಗೆ. ಎದುರಿಗೆ ಬಂದರೆ ಪ್ರೀತಿಗೆ ಸುಳ್ಳು ಹೇಳುತ್ತಾರೆ, ಯಾರೂ ನೋಡದಿದ್ದಾಗ ಅಪ್ಪಟ ಪ್ರಾಮಾಣಿಕರು. ಡೊಲೀನಾ ತನ್ನ ಡಬ್ಬಿಯನ್ನು ಆ ಮೊಟ್ಟೆಗಳ ಪಕ್ಕ ಇಟ್ಟು, ಮೊದಲ ಓಟು ತಾನೇ ಹಾಕಿದಳು. ಹೊಸ ಕಾಗದಗಳನ್ನು ಮನೆಮನೆಯ ಬಾಗಿಲ ಸಂದಿಯಲ್ಲಿ ತೂರಿಸಿ, ಮೂರು ದಿನ ಆ ದಾರಿಯಲ್ಲೇ ನಡೆಯಲಿಲ್ಲ. ಅಂಗಡಿಗೆ ಹೋಗಬೇಕಾದರೂ ಜವುಗು ದಾಟಿ ಸುತ್ತಿ ಹೋದಳು.

ಶನಿವಾರ ಸಭಾಭವನದಲ್ಲಿ ಎಣಿಕೆ. ಫಾರ್ಕರ್ ಗಂಟಲು ಸರಿಮಾಡಿಕೊಂಡು ಓದಿದ: ಮನೆಗೆ ಐವತ್ತೆರಡು, ಚಾವಣಿಗೆ ಇಪ್ಪತ್ತೊಂದು. ಒಂದು ಕಾಗದದಲ್ಲಿ 'ಈ ವಾರ ಮೊಟ್ಟೆ ಸಣ್ಣ' ಎಂದಷ್ಟೇ ಬರೆದಿತ್ತು. ಪೆಗ್ಗಿಯ ಮುಖ ಕೆಂಪಾಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಒಮ್ಮೆ ಡೊಲೀನಾಳನ್ನು ನೋಡಿ, ಆಮೇಲೆ ತಮ್ಮ ತಮ್ಮ ಬೂಟು ನೋಡಿಕೊಂಡರು. ಟಪ್ ಟಪ್ ಎಂದು ಹನಿ ಬೀಳುತ್ತಲೇ ಇತ್ತು.

"ಏನ್ರಯ್ಯಾ, ಯಾರಾದ್ರೂ ಸತ್ರಾ? ಟೀ ಆರೋಗತ್ತೆ, ಕುಡೀರಿ," ಎಂದಳು ಡೊಲೀನಾ. ಮಾರ್ಸೇಲಿ ಮಾತ್ರ ಕಪ್ಪು ಹಿಡಿದುಕೊಂಡೇ ಇದ್ದಳು, ಕುಡಿಯಲಿಲ್ಲ. ಡೊಲೀನಾಳೇ ಅದನ್ನು ಕೈಯಿಂದ ತೆಗೆದಿಟ್ಟು, "ನಿನ್ನ ಗಂಡನಿಗೆ ಹೇಳು, ಆ ಮನೆ ಹೊಗೆಗೂಡಲ್ಲಿ ಕಾಗೆ ಗೂಡು ಕಟ್ಟಿದೆ," ಎಂದಳು.

ಬೇಜಾರಾಗಲಿಲ್ಲವೇ ಎಂದು ಕೇಳುತ್ತೇನೆ.

"ಆಗ್ದೆ ಇರತ್ತಾ? ಇಪ್ಪತ್ತೊಂದು ಸ್ವಲ್ಪ ಕಮ್ಮಿನೇ ಆಯ್ತು. ಮೂವತ್ತಾದ್ರೂ ಬರತ್ತೆ ಅಂದ್ಕೊಂಡಿದ್ದೆ." ನಗುತ್ತಾಳೆ. "ಹೋಗ್ಲಿ ಬಿಡಿ. ಐವತ್ತೆರಡು ಜನ ನನ್ನ ಹತ್ರ ನಿಜ ಹೇಳಿದ್ರು. ನಮ್ಮನೆಯವರು ಹೋದ್ಮೇಲೆ ಆ ಕೆಲಸ ಯಾರೂ ಮಾಡಿರ್ಲಿಲ್ಲ."

ತಾನು ಯಾವುದಕ್ಕೆ ಹಾಕಿದಳೆಂದು ಹೇಳುವುದಿಲ್ಲ. "ಮೊಟ್ಟೆ ಪೆಟ್ಟಿಗೇಲಿ ಹಾಕಿದ್ದು ಅಲ್ಲೇ ಇರ್ಬೇಕು."

ಆ ಶನಿವಾರ ಟೀ ಕುಡಿಯುವಾಗ ಪೆಗ್ಗಿ, "ನಿನಗೇನೂ ಬೇಡ್ವೇನೇ?" ಎಂದು ಕೇಳಿದ್ದಳು. "ಹಿಡಿ ಗಟ್ಟಿ ಇರೋ ಒಂದು ಬಕೆಟ್ಟು," ಎಂದಿದ್ದಳು ಡೊಲೀನಾ. ಸೋಮವಾರ ಬೆಳಗ್ಗೆ ಬಾಗಿಲ ಮುಂದೆ ಹದಿನಾಲ್ಕು ಹೊಸ ಬಕೆಟ್ಟು. ಯಾವುದರ ಮೇಲೂ ಹೆಸರಿಲ್ಲ.

"ಏಳು ಸಾಕು. ಮಿಕ್ಕಿದ್ರಲ್ಲಿ ಯಾವುದನ್ನ ಬೇಡ ಅನ್ಲಿ ಹೇಳಿ? ಯಾರು ಯಾವುದು ಕೊಟ್ರೋ! ಒಳಗೆ ಬಂದೋರು ಅವರವರದ್ದನ್ನ ಹುಡುಕ್ತಾರೆ." ಅವಳೂ ಇದೇ ಊರಿನವಳು ತಾನೇ. ಒಂದು ಹನಿಯೂ ಬೀಳದ ಏಳು ಬಕೆಟ್ಟುಗಳನ್ನೂ ದಿನಾ ಒರೆಸಿ, ಅದೇ ಜಾಗದಲ್ಲಿಡುತ್ತಾಳೆ.

ಒಂಬತ್ತು ಗಂಟೆಗೆ ಶಾಲೆಯ ಮಕ್ಕಳು ಆಟಕ್ಕೆ ಬರುತ್ತಾರೆ. ಡೊಲೀನಾ ಬಕೆಟ್ಟುಗಳ ನಡುವೆ ಬಗ್ಗಿ, ಹಲಗೆಯ ನೆಲದ ಮೇಲೆ ಅಂಗೈ ಎಳೆದು ನೋಡುತ್ತಾಳೆ. ಬಾಗಿಲ ಬಳಿ ಬಿಚ್ಚಿಟ್ಟ ಬೂಟುಗಳನ್ನು ಎಣಿಸುತ್ತಾಳೆ.

"ಹ್ಞೂಂ, ಐದು ಜೊತೆ. ಓಡ್ರೋ ಈಗ. ನೆಲ ಒಣಗಿದೆ."